ಹೆಣ್ಣುಡುಗೆಯಲ್ಲಿ ಬೀದಿಗಿಳಿದವರು

ಅದು 1870ರ ಏಪ್ರಿಲ್ 28ರ ರಾತ್ರಿ. ಲಂಡನ್ನಿನ ಸ್ಟ್ರ್ಯಾಂಡ್ ನಾಟಕಶಾಲೆಯ ಬಾಕ್ಸೊಂದರಲ್ಲಿ ಇಬ್ಬರು ‘ಹೆಂಗಸರು’ ಕುಳಿತು ನಾಟಕ ನೋಡುತ್ತಿದ್ದರು. ಒಬ್ಬಾಕೆಯದು ಚೆರಿ ಹಣ್ಣಿನ ಬಣ್ಣದ ರೇಷ್ಮೆ ಗೌನು. ಅದಕ್ಕೆ ಬಿಳಿ ಲೇಸಿನ ಅಂಚು, ಕೈಗೆ ಕಡಗ, ತಲೆಗೆ ಹೆಣೆದ ಚೌರಿ. ಇನ್ನೊಬ್ಬಾಕೆಯದು ಕಡುಹಸಿರು ಸ್ಯಾಟಿನ್ನು, ಕಪ್ಪು ಲೇಸಿನ ಶಾಲು, ಬಿಳಿಯ ಕೈಗವಸು, ಸುರುಳಿ ಸುರುಳಿಯಾದ ಹೊಂಬಣ್ಣದ ಕೂದಲು. ನಡುವೆ ಹಸಿರು ಗೌನಿನಾಕೆಯ ಲಂಗದ ಲೇಸು ಕಿತ್ತುಬಂತು. ಆಕೆ ಹೆಂಗಸರ ಕೋಣೆಗೆ ಹೋದಳು. ಅಲ್ಲಿನ ಆಯಾ ಪಿನ್ನು ಚುಚ್ಚಿ ಸರಿಮಾಡಿ ಕಳಿಸಿದಳು.

ನಾಟಕ ಮುಗಿಯಿತು. ಇಬ್ಬರೂ ಹೊರಗೆ ಬಂದು ಗಾಡಿ ಹತ್ತುವ ಹೊತ್ತಿಗೆ ಮಫ್ತಿಯಲ್ಲಿದ್ದ ಪೊಲೀಸರು ಅಡ್ಡಗಟ್ಟಿದರು. ಬೋ ಸ್ಟ್ರೀಟ್ ಠಾಣೆಯಲ್ಲಿ ಹೆಸರು ಬರೆಸುವಾಗ ಎಲ್ಲ ಹೊರಬಿತ್ತು. ರೇಷ್ಮೆ ಗೌನಿನಾಕೆ 22 ವರ್ಷದ ಅರ್ನೆಸ್ಟ್ ಬೋಲ್ಟನ್, ಷೇರು ದಲ್ಲಾಳಿಯೊಬ್ಬರ ಮಗ. ಹಸಿರು ಗೌನಿನಾಕೆ ಫ್ರೆಡರಿಕ್ ಪಾರ್ಕ್, ಕೋರ್ಟಿನ ಹಿರಿಯ ಅಧಿಕಾರಿಯೊಬ್ಬರ ಮಗ, ತಾನೂ ಕಾನೂನು ಕಲಿಯುತ್ತಿದ್ದವನು. ಗೆಳೆಯರ ಬಳಗದಲ್ಲಿ ಒಬ್ಬನಿಗೆ ಸ್ಟೆಲ್ಲಾ ಎಂದೂ ಇನ್ನೊಬ್ಬನಿಗೆ ಫ್ಯಾನಿ ಎಂದೂ ಹೆಸರು. ಪೊಲೀಸರು ಇವರ ಬೆನ್ನು ಹತ್ತಿ ಎಷ್ಟೋ ದಿನಗಳಾಗಿದ್ದವು.

ಬಟ್ಟೆ ಬದಲಿಸಲು ಅವಕಾಶ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಹಿಂದಿನ ರಾತ್ರಿಯ ಅದೇ ಗೌನುಗಳಲ್ಲಿ, ಮುದುಡಿದ ಲೇಸು, ಮಾಸಿದ ಬಣ್ಣದಲ್ಲಿ ಇಬ್ಬರನ್ನೂ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲಾಯಿತು. ಸುದ್ದಿ ಅಷ್ಟರಲ್ಲೇ ಹಬ್ಬಿತ್ತು. ಕೋರ್ಟಿನ ಬೀದಿಯಲ್ಲಿ ಜನ ಕಿಕ್ಕಿರಿದರು. ಪತ್ರಿಕೆಗಳು ಯಾವ ಬಟ್ಟೆ, ಯಾವ ಅಂಚು, ಯಾವ ಆಭರಣ ಎಂದು ಮದುವೆಯ ವರದಿ ಬರೆದಷ್ಟು ಅಕ್ಕರೆಯಿಂದ ಬರೆದವು. ಆ ಇಬ್ಬರ ಉಡುಪಿನ ವಿವರ ನೂರೈವತ್ತು ವರ್ಷಗಳ ಮೇಲೂ ಉಳಿದಿರುವುದು ಈ ವರದಿಗಾರರ ಕೃಪೆಯಿಂದಲೇ.

ಗಂಡಸು ಹೆಣ್ಣುಡುಗೆ ತೊಟ್ಟದ್ದು ಅಂದಿನ ಲಂಡನ್ನಿಗೆ ಹೊಸತೇನಲ್ಲ. ಷೇಕ್ಸ್‌ಪಿಯರನ ಕಾಲದಲ್ಲಿ ಜೂಲಿಯೆಟ್ಟಳ ಪಾತ್ರವನ್ನು ಕಟ್ಟಿದ್ದವರು ಮೀಸೆ ಮೂಡದ ಹುಡುಗರೇ. ಬೋಲ್ಟನ್ ಮತ್ತು ಪಾರ್ಕ್ ಕೂಡ ಹವ್ಯಾಸಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರು ಪಡೆದಿದ್ದರು. ಸಣ್ಣ ಊರುಗಳ ಸಭಾಂಗಣಗಳಲ್ಲಿ, ಶ್ರೀಮಂತರ ಬಂಗಲೆಗಳಲ್ಲಿ ಆಡಿದಾಗ ಚಪ್ಪಾಳೆ ಗಿಟ್ಟಿಸಿದ್ದರು. ಬೋಲ್ಟನ್ನನ ಕಂಠವಂತೂ ಹೆಣ್ಣುಕಂಠವೇ ಎಂದು ಕೇಳಿದವರು ಕೊಂಡಾಡಿದ್ದರು. ಅವನ ತಾಯಿ ಮುಂದೆ ಕೋರ್ಟಿನಲ್ಲಿ ಹೇಳಿದ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಮಗ ಚಿಕ್ಕವನಿದ್ದಾಗ ಒಮ್ಮೆ ಮನೆಗೆಲಸದ ಹುಡುಗಿಯ ಬಟ್ಟೆ ತೊಟ್ಟು ಊಟಕ್ಕೆ ಬಡಿಸಿದನಂತೆ. ಅಜ್ಜಿಗೆ ಮೊಮ್ಮಗನ ಗುರುತೇ ಹತ್ತಲಿಲ್ಲ. ಗಂಡುಮಕ್ಕಳಿರುವ ಮನೆಯಲ್ಲಿ ಇಂಥ ಚೆಲ್ಲು ಹುಡುಗಿಯನ್ನು ಏಕೆ ಇಟ್ಟುಕೊಂಡಿರುವೆ ಎಂದು ಆಕೆ ಮಗಳನ್ನೇ ಆಕ್ಷೇಪಿಸಿದಳಂತೆ.

ಮನೆಯೊಳಗೆ ನಗು, ರಂಗದ ಮೇಲೆ ಚಪ್ಪಾಳೆ. ಅದೇ ಬಟ್ಟೆ ಬೀದಿಗೆ ಬಂದಾಗ ಕೈಕೋಳ. ಈ ಎರಡರ ನಡುವೆ ಇದ್ದುದು ನಾಟಕಶಾಲೆಯ ಬಾಗಿಲಿನ ನಾಲ್ಕು ಮೆಟ್ಟಿಲು ಮಾತ್ರ.

ಯಾವ ಕಾನೂನಿನಲ್ಲಿ?

ಬಂಧಿಸಿದ್ದೇನೋ ಆಯಿತು, ಅಪರಾಧ ಯಾವುದು? ಇಲ್ಲಿ ಇಂಗ್ಲೆಂಡಿನ ಪೊಲೀಸರು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಗಂಡಸು ಗೌನು ತೊಡಬಾರದು ಎಂದು ಹೇಳುವ ಕಾಯ್ದೆ ಆ ದೇಶದಲ್ಲಿ ಇರಲಿಲ್ಲ. ಸಾರ್ವಜನಿಕ ಸಭ್ಯತೆಗೆ ಭಂಗ ತಂದರು ಎನ್ನಬಹುದಿತ್ತು; ಅದು ಸಣ್ಣ ಆರೋಪ. ಸರ್ಕಾರಕ್ಕೆ ದೊಡ್ಡದು ಬೇಕಿತ್ತು. ಹಾಗಾಗಿ ‘ಅನೈಸರ್ಗಿಕ ಅಪರಾಧ’ ಎಸಗಲು ಒಳಸಂಚು ಎಂಬ ಆರೋಪ ಹೊರಿಸಿದರು. ಪೊಲೀಸ್ ವೈದ್ಯನೊಬ್ಬ ಯಾರ ಆದೇಶವೂ ಇಲ್ಲದೆ ಇಬ್ಬರ ಮೈ ತಪಾಸಣೆ ಮಾಡಿದ. ಅದು ಸಾಲದೆಂದು ಮತ್ತಷ್ಟು ವೈದ್ಯರು ಬಂದರು. ಅವರಲ್ಲಿ ಹೆಚ್ಚಿನವರಿಗೆ ಮೊದಲನೆಯವನು ಕಂಡದ್ದು ಕಾಣಲಿಲ್ಲ. ಅವರ ಗೌನು, ಚೌರಿ, ಆಭರಣಗಳೂ ಗೆಳೆಯರಿಗೆ ಬರೆದ ಪತ್ರಗಳೂ ಸಾಕ್ಷ್ಯವಾಗಿ ಬಂದವು. ಬೋಲ್ಟನ್ನನ ಆಪ್ತನಾಗಿದ್ದ, ಒಮ್ಮೆ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ ಲಾರ್ಡ್ ಆರ್ಥರ್ ಕ್ಲಿಂಟನ್ ಹೆಸರೂ ಆರೋಪಪಟ್ಟಿಯಲ್ಲಿತ್ತು. ವಿಚಾರಣೆಗೆ ಮೊದಲೇ, 1870ರ ಜೂನ್‌ನಲ್ಲಿ ಆತ ತೀರಿಕೊಂಡ.

1871ರ ಮೇ ತಿಂಗಳಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಮುಖ್ಯ ನ್ಯಾಯಮೂರ್ತಿ ಅಲೆಗ್ಸಾಂಡರ್ ಕಾಕ್‌ಬರ್ನ್ ಅವರ ಎದುರು ಆರು ದಿನ ವಿಚಾರಣೆ ನಡೆಯಿತು. ಈ ಬಾರಿ ಇಬ್ಬರೂ ಗಂಡುಡುಗೆಯಲ್ಲೇ ಬಂದಿದ್ದರು. ಪ್ರತಿವಾದಿಗಳ ವಕೀಲರ ವಾದ ಸರಳವಾಗಿತ್ತು: ಇವರು ನಾಟಕದ ಹುಚ್ಚಿನ ಹುಡುಗರು, ರಂಗದ ಮೇಲಿನ ಆಟವನ್ನು ಬೀದಿಗೂ ಒಯ್ದರು, ತಪ್ಪೇ ಆಯಿತು, ಆದರೆ ಅಪರಾಧವೆಲ್ಲಿ? ಜ್ಯೂರಿ ಒಳಗೆ ಹೋಗಿ 53 ನಿಮಿಷಕ್ಕೆ ಹಿಂದಿರುಗಿತು. ‘ನಿರ್ದೋಷಿಗಳು’ ಎಂಬ ಮಾತು ಕಿವಿಗೆ ಬಿದ್ದೊಡನೆ ಬೋಲ್ಟನ್ ಮೂರ್ಛೆ ಹೋದ.

ನ್ಯಾಯಮೂರ್ತಿಗಳು ಪೊಲೀಸರನ್ನೂ ಆ ವೈದ್ಯನನ್ನೂ ತರಾಟೆಗೆ ತೆಗೆದುಕೊಂಡದ್ದು ನಿಜ. ಆದರೆ ಆರೋಪಿಗಳ ಮೇಲೆ ಅವರಿಗೆ ಕನಿಕರವಿತ್ತು ಎಂದು ಯಾರೂ ತಿಳಿಯಬೇಕಾಗಿಲ್ಲ. ಗಂಡಸರು ಹೆಣ್ಣುಡುಗೆಯಲ್ಲಿ ಸಾರ್ವಜನಿಕ ಸ್ಥಳಕ್ಕೆ ಬರುವುದು, ತಮಾಷೆಗೆ ಬಂದರೂ ಸರಿಯೇ, ಕೂಡಲೇ ಕಠಿಣ ಶಿಕ್ಷೆಗೆ ಗುರಿಯಾಗಬೇಕು. ಇರುವ ಕಾನೂನಿಗೆ ಅದು ನಿಲುಕದಿದ್ದರೆ ಹೊಸ ಕಾನೂನು ಬರಲಿ ಎಂಬ ಅರ್ಥದ ಮಾತನ್ನೂ ಅವರು ಜ್ಯೂರಿಯ ಮುಂದೆ ಆಡಿದ್ದರು. ಸಣ್ಣ ಆರೋಪದ ಮೇಲೆ ಇಬ್ಬರಿಂದಲೂ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಬೋಲ್ಟನ್ ಮತ್ತೆ ಬಣ್ಣ ಹಚ್ಚಿ ಬೇರೆ ಹೆಸರಿನಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಸ್ತ್ರೀಪಾತ್ರ ಮಾಡಿಕೊಂಡಿದ್ದು 1904ರಲ್ಲಿ ತೀರಿಕೊಂಡ. ಪಾರ್ಕ್ ಅದಕ್ಕೆ ಬಹಳ ಮೊದಲೇ, 1881ರಲ್ಲಿ ಕಣ್ಣುಮುಚ್ಚಿದ್ದ.

ಇಂಗ್ಲೆಂಡಿನಲ್ಲಿ ಇಲ್ಲದ ಕಾನೂನು ಅಮೆರಿಕದ ಊರುಗಳಲ್ಲಿ ಆಗಲೇ ಇತ್ತು. ಒಹಾಯೊ ರಾಜ್ಯದ ಕೊಲಂಬಸ್ ನಗರ 1848ರಲ್ಲೇ, ಸ್ಯಾನ್ ಫ್ರಾನ್ಸಿಸ್ಕೊ 1863ರಲ್ಲಿ, ತನ್ನ ಲಿಂಗಕ್ಕೆ ಸೇರದ ಉಡುಪಿನಲ್ಲಿ ಸಾರ್ವಜನಿಕವಾಗಿ ಕಾಣಿಸಿಕೊಳ್ಳುವುದನ್ನು ಅಪರಾಧ ಮಾಡಿದ್ದವು. ಷರಾಯಿ ತೊಟ್ಟ ಹೆಂಗಸರಿಗೂ ಇದು ಅನ್ವಯವಾಗುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಆ ನಿಯಮವನ್ನು ಕೈಬಿಟ್ಟದ್ದು 1974ರಲ್ಲಿ. ನ್ಯೂಯಾರ್ಕಿನ ಕತೆ ಇನ್ನೂ ವಿಚಿತ್ರ. ಅಲ್ಲಿನ ಗೇಣಿ ರೈತರು ಜಮೀನ್ದಾರರ ವಿರುದ್ಧ ಎದ್ದಾಗ ಗುರುತು ಸಿಗದಿರಲೆಂದು ಮುಖವಾಡ ಹಾಕಿ, ಚೀಟಿ ಬಟ್ಟೆಯ ನಿಲುವಂಗಿ ತೊಟ್ಟು ದಾಳಿಯಿಡುತ್ತಿದ್ದರು. ಅವರನ್ನು ಹಿಡಿಯಲು 1845ರಲ್ಲಿ ವೇಷ ಮರೆಸುವವರ ವಿರುದ್ಧ ಕಾಯ್ದೆಯಾಯಿತು. ರೈತರ ದಂಗೆ ಮುಗಿಯಿತು, ಕಾಯ್ದೆ ಉಳಿಯಿತು. ಮುಂದಿನ ಶತಮಾನದಲ್ಲಿ ಹೆಣ್ಣುಡುಗೆಯ ಗಂಡಸರನ್ನು ಹಿಡಿಯಲು ಪೊಲೀಸರು ಅದನ್ನೇ ಬಳಸಿದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಪೊಲೀಸರು ಬೇರೊಂದು ದಾರಿ ಹಿಡಿದರು. ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡ್ 1910ರಲ್ಲಿ ಇಂಥವರನ್ನು ಕುರಿತು ಗ್ರಂಥ ಬರೆದು ‘ಟ್ರಾನ್ಸ್‌ವೆಸ್ಟೈಟ್’ ಎಂಬ ಹೆಸರನ್ನು ಬಳಕೆಗೆ ತಂದವರು. ಅವರಂಥ ವೈದ್ಯರ ಶಿಫಾರಸಿನ ಮೇಲೆ ಪೊಲೀಸರು ಒಂದು ಚೀಟಿ ಕೊಡತೊಡಗಿದರು. ಈ ವ್ಯಕ್ತಿ ಗಂಡುಡುಗೆ ಅಥವಾ ಹೆಣ್ಣುಡುಗೆ ತೊಡುವವರೆಂದು ಪೊಲೀಸರಿಗೆ ತಿಳಿದಿದೆ ಎಂಬುದು ಅದರ ತಾತ್ಪರ್ಯ. ಚೀಟಿ ಜೇಬಿನಲ್ಲಿದ್ದರೆ ಬೀದಿಯಲ್ಲಿ ನಡೆಯಬಹುದು. ಬಟ್ಟೆ ತೊಡಲು ಸೈಕಲ್ ಲೈಸೆನ್ಸಿನಂಥ ಪರವಾನಗಿ! ನಗೆ ಬಂದರೂ, ಮೊದಲ ಸಲ ಅದನ್ನು ಹಿಡಿದು ಹಗಲುಹೊತ್ತಿನಲ್ಲಿ ಹೊಸಿಲು ದಾಟಿದವರಿಗೆ ಅದು ನಗೆಯ ಮಾತಾಗಿರಲಿಲ್ಲ. 1933ರ ಮೇ ತಿಂಗಳಲ್ಲಿ ನಾಜಿಗಳು ಹಿರ್ಷ್‌ಫೆಲ್ಡರ ಸಂಸ್ಥೆಯನ್ನು ಲೂಟಿ ಮಾಡಿ ಅದರ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು.

ಅದೇ ವರ್ಷ, ಇಲ್ಲಿ

ಮತ್ತೆ 1871ಕ್ಕೆ ಬರೋಣ. ಲಂಡನ್ನಿನಲ್ಲಿ ಜ್ಯೂರಿ ಇಬ್ಬರು ಯುವಕರನ್ನು ಬಿಡುಗಡೆ ಮಾಡಿ ಐದು ತಿಂಗಳಾಗಿತ್ತಷ್ಟೆ. ಅದೇ ವರ್ಷದ ಅಕ್ಟೋಬರ್ 12ರಂದು ಅದೇ ರಾಣಿಯ ಹೆಸರಿನಲ್ಲಿ ಭಾರತದಲ್ಲಿ ಒಂದು ಕಾಯ್ದೆ ಜಾರಿಗೆ ಬಂತು. ಅದು ಅಪರಾಧಿ ಬುಡಕಟ್ಟುಗಳ ಕಾಯ್ದೆ. ಹುಟ್ಟಿನಿಂದಲೇ ಕಳ್ಳರೆಂದು ಹಣೆಪಟ್ಟಿ ಹಚ್ಚಿದ ಆ ಕಾಯ್ದೆಯ ಮೊದಲ ಭಾಗ ಬಹಳ ಜನಕ್ಕೆ ಗೊತ್ತು. ಎರಡನೆಯ ಭಾಗ ಅಷ್ಟು ಪರಿಚಿತವಲ್ಲ. ಅದು ‘ನಪುಂಸಕ’ರನ್ನು ಕುರಿತದ್ದು.

ಯಾರು ಆ ನಪುಂಸಕರು? ತಾವೇ ಒಪ್ಪಿಕೊಂಡ ಅಥವಾ ವೈದ್ಯ ತಪಾಸಣೆಯಲ್ಲಿ ಕಂಡುಬಂದ ಷಂಡ ಗಂಡಸರು ಎಂದು ಕಾಯ್ದೆ ವಿವರಿಸಿತು. ಅಧಿಕಾರಿಗಳ ಮನಸ್ಸಿನಲ್ಲಿದ್ದವರು ಹಿಜ್ರಾಗಳು. ಮಗು ಹುಟ್ಟಿದ ಮನೆ, ಮದುವೆಯ ಮನೆಗಳಿಗೆ ಹೋಗಿ ಹಾಡಿ ಕುಣಿದು ಹರಸಿ ಕಾಣಿಕೆ ಪಡೆಯುವುದು ಇವರ ಬದುಕು. ಹಿಂದಿನ ಅರಸರ ಕಾಲದಲ್ಲಿ ಕೆಲವೆಡೆ ಇವರಿಗೆ ಇನಾಮು, ಕಾಣಿಕೆಯ ಹಕ್ಕುಗಳೂ ಇದ್ದವು. ಕಂಪನಿಯ ಮತ್ತು ರಾಣಿಯ ಅಧಿಕಾರಿಗಳಿಗೆ ಮಾತ್ರ ಇವರು ಕಣ್ಣಿಗೆ ಚುಚ್ಚಿದ ಮುಳ್ಳು. ಮಕ್ಕಳನ್ನು ಕದ್ದು ಬೀಜ ಒಡೆಯುತ್ತಾರೆ ಎಂಬ ಗುಮಾನಿ ಒಂದು. ಸೀರೆ ಉಟ್ಟು ಹಾಡಹಗಲೇ ಬೀದಿಯಲ್ಲಿ ಕುಣಿಯುತ್ತಾರೆ ಎಂಬ ಅಸಹನೆ ಇನ್ನೊಂದು.

ಗುಮಾನಿ ಇದ್ದವರ ಹೆಸರು, ವಿಳಾಸಗಳನ್ನು ಪಟ್ಟಿಗೆ ಸೇರಿಸಬೇಕು ಎಂದಿತು ಕಾಯ್ದೆ. ಪಟ್ಟಿಗೆ ಸೇರಿದವರು ಹೆಂಗಸಿನಂತೆ ಉಟ್ಟು ಅಥವಾ ಒಡವೆ ತೊಟ್ಟು ಸಾರ್ವಜನಿಕ ಬೀದಿಯಲ್ಲಿ ಕಾಣಿಸಿಕೊಂಡರೆ ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಬೀದಿಗೆ ಇಳಿಯಲೇಬೇಕೆಂದೂ ಇರಲಿಲ್ಲ. ಬೀದಿಯವರ ಕಣ್ಣಿಗೆ ಬೀಳಬೇಕೆಂಬ ಉದ್ದೇಶದಿಂದ ಬೇರೆಲ್ಲಾದರೂ ನಿಂತರೂ ಸಾಕು. ಕುಣಿದರೂ ಅಪರಾಧ, ವಾದ್ಯ ನುಡಿಸಿದರೂ ಅಪರಾಧ. ಹದಿನಾರು ತುಂಬದ ಹುಡುಗ ಮನೆಯಲ್ಲಿದ್ದರೆ ಅದೂ ಅಪರಾಧ. ಇವರು ದತ್ತು ತೆಗೆದುಕೊಳ್ಳುವಂತಿಲ್ಲ, ಉಯಿಲು ಬರೆಯುವಂತಿಲ್ಲ.

ಲಂಡನ್ನಿನ ಪೊಲೀಸರಿಗೆ ಬೇಕಾಗಿದ್ದು, ಕಾಕ್‌ಬರ್ನ್ ಸಾಹೇಬರು ಬಯಸಿದ್ದು, ಇಂಗ್ಲೆಂಡಿನಲ್ಲಿ ಯಾವುದು ಸಿಗಲಿಲ್ಲವೋ ಅದು ಭಾರತದಲ್ಲಿ ಒಂದೇ ಕಲಮಿನಲ್ಲಿ ಸಿಕ್ಕಿತು. ಎರಡೂ ಬೇರೆ ಬೇರೆ ಕಾರಣಗಳಿಂದ ಹುಟ್ಟಿದ ಸಂಗತಿಗಳು ಎಂಬುದನ್ನು ಮರೆಯಬಾರದು. ಆದರೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಅಲ್ಲಿ ವಕೀಲರಿದ್ದರು, ಜ್ಯೂರಿ ಇತ್ತು, ಕಣ್ಣೀರಿಡುವ ತಾಯಿಯ ಸಾಕ್ಷ್ಯವಿತ್ತು, ದೊಡ್ಡ ಮನೆತನದ ಹೆಸರಿತ್ತು. ಇಲ್ಲಿ ಪೊಲೀಸರ ಪಟ್ಟಿ ಇತ್ತು.

ಕಾಯ್ದೆಯ ಈ ಭಾಗ ಬಿಗಿಯಾಗಿ ಜಾರಿಯಾದದ್ದು ವಾಯವ್ಯ ಪ್ರಾಂತದಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದ ಬಹುಭಾಗದಲ್ಲಿ. ಪೊಲೀಸರು ಹಲವರ ಉದ್ದ ಕೂದಲು ಕತ್ತರಿಸಿದರು, ಹೆಣ್ಣುಡುಗೆ ಕಿತ್ತುಹಾಕಿದರು. ಈ ಸಮುದಾಯ ಕಾಲಕ್ರಮದಲ್ಲಿ ಅಳಿದುಹೋಗಲಿ ಎಂಬ ಆಸೆಯನ್ನು ಅಧಿಕಾರಿಗಳು ತಮ್ಮ ಕಡತಗಳಲ್ಲಿ ಮುಚ್ಚಿಟ್ಟೂ ಇರಲಿಲ್ಲ. ಈ ಕಡತಗಳನ್ನು ಜಾಲಾಡಿ 2019ರಲ್ಲಿ ಪುಸ್ತಕ ಬರೆದ ಇತಿಹಾಸಕಾರ್ತಿ ಜೆಸಿಕಾ ಹಿಂಚಿ, ಹಿಜ್ರಾಗಳು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ತೋರಿಸಿದ್ದಾರೆ. ಕೆಲವರು ಹೊಟ್ಟೆಪಾಡು ಹೋಯಿತೆಂದು ಅರ್ಜಿ ಹಾಕಿದರು. ಕೆಲವರು ಗಡಿ ದಾಟಿ ದೇಶೀಯ ಸಂಸ್ಥಾನಗಳಿಗೆ ಹೋದರು. ಹೆಸರು ಪಟ್ಟಿಯಲ್ಲಿದ್ದರೂ ಬೀದಿಯಲ್ಲಿ ಹಾಡಿ ಕುಣಿಯುವುದನ್ನು ಬಿಡದೆ ಪೊಲೀಸರ ಕಣ್ಣು ತಪ್ಪಿಸಿದವರೂ ಇದ್ದರು.

ಈ ಕಾಲದ ಒಂದು ಮೊಕದ್ದಮೆ ವಕೀಲರ ವರದಿ ಪುಸ್ತಕಗಳಲ್ಲಿ ಉಳಿದುಕೊಂಡಿದೆ. ಮುರಾದಾಬಾದಿನ ಖೈರಾತಿ ಎಂಬಾತ ಹೆಣ್ಣುಡುಗೆಯಲ್ಲಿ ಒಂದು ಮನೆಯ ಹೆಂಗಸರ ನಡುವೆ ಕುಳಿತು ಹಾಡುತ್ತಿದ್ದ. ಆ ಮನೆಯವರ ಮಟ್ಟಿಗೆ ಅದು ಅಪರೂಪದ ಸಂಗತಿಯಾಗಿರಲಾರದು. ಪೊಲೀಸರು ಹಿಡಿದರು, ವೈದ್ಯನಿಂದ ಮೈ ತಪಾಸಣೆ ಮಾಡಿಸಿದರು. ಸೆಷನ್ಸ್ ನ್ಯಾಯಾಧೀಶರು ದಂಡ ಸಂಹಿತೆಯ 377ನೇ ಕಲಮಿನಡಿ ಶಿಕ್ಷೆ ಕೊಟ್ಟರು. ಮೇಲ್ಮನವಿ ಅಲಹಾಬಾದ್ ಹೈಕೋರ್ಟಿಗೆ ಹೋಯಿತು. 1884ರಲ್ಲಿ ನ್ಯಾಯಮೂರ್ತಿ ಸ್ಟ್ರೇಟ್ ಶಿಕ್ಷೆಯನ್ನು ರದ್ದು ಮಾಡಿದರು: ಎಂದು, ಎಲ್ಲಿ, ಯಾರೊಂದಿಗೆ ಅಪರಾಧ ನಡೆಯಿತು ಎಂಬುದಕ್ಕೆ ಪುರಾವೆಯೇ ಇಲ್ಲವಲ್ಲ! ಆದರೆ ಇಂಥ ‘ಹೇಯ’ ನಡವಳಿಕೆಯನ್ನು ಹತ್ತಿಕ್ಕಬೇಕೆಂಬ ಮುರಾದಾಬಾದಿನ ಅಧಿಕಾರಿಗಳ ಉತ್ಸಾಹವನ್ನು ಮೆಚ್ಚಿಕೊಂಡೇ ಅವರು ತೀರ್ಪು ಬರೆದರು. ವೆಸ್ಟ್‌ಮಿನ್‌ಸ್ಟರಿನಲ್ಲಿ ಕೇಳಿದ ರಾಗವೇ ಇದು. ತೊಟ್ಟ ಬಟ್ಟೆ ಕಣ್ಣಿಗೆ ಬಿತ್ತು, ಅದರ ಬಲದ ಮೇಲೆ ಮೈಯನ್ನು ಕೆದಕಿದರು, ಪುರಾವೆ ಸಿಗಲಿಲ್ಲ, ಬಿಡುವಾಗಲೂ ಬೈದೇ ಬಿಟ್ಟರು. ಖೈರಾತಿ ಮುಂದೇನಾದ ಎಂಬುದನ್ನು ಬರೆದಿಡುವ ಗರಜು ಕೋರ್ಟಿಗೆ ಇರಲಿಲ್ಲ.

ಪರದೆಯ ಆಚೆ ಈಚೆ

ಸೋಜಿಗವೆಂದರೆ ಇದೇ ದಶಕಗಳಲ್ಲಿ ಇದೇ ದೇಶದ ರಂಗಭೂಮಿಯಲ್ಲಿ ಸೀರೆ ಉಟ್ಟ ಗಂಡಸರ ವೈಭವ ಶುರುವಾಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಕಟ್ಟಿದ ಮರಾಠಿ ನಾಟಕ ಕಂಪನಿಗೆ ಮುಂದೆ, 1905ರಲ್ಲಿ, ನಾರಾಯಣ ರಾಜಹಂಸ ಎಂಬ ಹುಡುಗ ಸೇರಿದ. ಅವನೇ ಬಾಲಗಂಧರ್ವ. ಅವರು ಉಟ್ಟ ಸೀರೆ, ಮುಡಿದ ಹೂವು, ಕಟ್ಟಿದ ತುರುಬು ಮರುದಿನ ಊರ ಹೆಂಗಸರ ಫ್ಯಾಷನ್ ಆಗುತ್ತಿತ್ತು. ಹೆಣ್ಣು ಹೇಗಿರಬೇಕೆಂದು ಹೆಣ್ಣಿಗೆ ಗಂಡೇ ಕಲಿಸಿದ ಕಾಲವದು. ಗುಜರಾತಿ ರಂಗಭೂಮಿಯ ಜಯಶಂಕರ ಭೋಜಕರಂತೂ 1901ರಲ್ಲಿ ‘ಸೌಭಾಗ್ಯ ಸುಂದರಿ’ ನಾಟಕದ ಪಾತ್ರದಿಂದ ‘ಸುಂದರಿ’ ಎಂದೇ ಹೆಸರಾದರು. ಮೊದಲ ಸಲ ಹೆಣ್ಣುಡುಗೆ ತೊಟ್ಟು ಕನ್ನಡಿ ನೋಡಿಕೊಂಡಾಗ ಒಳಗೊಬ್ಬ ಚೆಲುವೆ ನಿಂತಿದ್ದುದನ್ನು ಕಂಡು ತಾವೇ ಬೆರಗಾದುದನ್ನು ಅವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಮ್ಮ ಕರಾವಳಿಯಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ನೋಡಿದವರು ಗಂಡು ಹೆಣ್ಣಿನ ಲೆಕ್ಕವನ್ನೇ ಮರೆಯುತ್ತಿದ್ದರು.

ಇವರಿಗೆ ಶಾಲು ಹೊದಿಸಿದ ಸಮಾಜಕ್ಕೆ ಒಂದು ಕರಾರು ಇತ್ತು. ಬೆಳಗಾದೊಡನೆ ಬಣ್ಣ ಅಳಿಸಬೇಕು. ಹಬ್ಬದಲ್ಲೂ ಹಾಗೆಯೇ. ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿ ಹತ್ತಿ ಸೀರೆಯುಟ್ಟು ಊರೆಲ್ಲ ಸುತ್ತಿದರೂ ಯಾರೂ ತಪ್ಪೆನ್ನುವುದಿಲ್ಲ. ಕೇರಳದ ಕೊಲ್ಲಂ ಜಿಲ್ಲೆಯ ಕೊಟ್ಟನ್‌ಕುಳಂಗರ ದೇವಿಯ ಗುಡಿಯಲ್ಲಿ ವರ್ಷಕ್ಕೊಮ್ಮೆ ಸಾವಿರಾರು ಗಂಡಸರು ಹೆಣ್ಣುಡುಗೆ ತೊಟ್ಟು ದೀಪ ಹಿಡಿದು ಸಾಲುಗಟ್ಟುತ್ತಾರೆ. ಮನೆಯ ಹೆಂಗಸರೇ ಮುಂದೆ ನಿಂತು ಗಂಡನಿಗೆ, ಮಗನಿಗೆ ಸಿಂಗಾರ ಮಾಡುವುದೂ ಉಂಟು.

ಈ ಒಂದು ದಿನದ ಬಾಗಿಲಿನಿಂದಲೇ ಎಷ್ಟೋ ಜನ ಮೊದಲ ಬಾರಿ ಹೊರಗೆ ಬಂದಿದ್ದಾರೆ. ಬೆಂಗಳೂರಿನಲ್ಲಿ ಬಹುಕಾಲ ದುಡಿದ ಎ. ರೇವತಿಯವರ ಆತ್ಮಕಥೆ ‘ಬದುಕು ಬಯಲು’ ಎಂಬ ಹೆಸರಿನಲ್ಲಿ ದು. ಸರಸ್ವತಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದಿದೆ, ನಾಟಕವಾಗಿಯೂ ರಂಗಕ್ಕೇರಿದೆ. ತಮಿಳುನಾಡಿನ ನಾಮಕ್ಕಲ್ ಬಳಿಯ ಹಳ್ಳಿಯಲ್ಲಿ ಗಂಡುಹುಡುಗನಾಗಿ ಬೆಳೆದ ಅವರು ಎಳೆಯ ಪ್ರಾಯದಲ್ಲಿ ಊರ ಮಾರಿಯಮ್ಮನ ಹಬ್ಬದಲ್ಲಿ ಕೊರವಂಜಿಯ ವೇಷ ಹಾಕಿ ಬೀದಿ ಸುತ್ತಿದರು. ಥೇಟ್ ಹುಡುಗಿಯೇ ಎಂದು ಜನ ಮೆಚ್ಚಿದರು. ಮನೆಯವರಿಗೆ ಅದು ಹರಕೆಯ ವೇಷ. ಹುಡುಗನಿಗೆ ಅದು ವೇಷವೆನಿಸಲೇ ಇಲ್ಲ. ಬಿಚ್ಚಬೇಕಾಗಿ ಬಂದಾಗಲೇ ಸಂಕಟವಾದದ್ದು. ಮುಂದೆ ಅದೇ ಉಡುಪು ಹಬ್ಬವಿಲ್ಲದ ದಿನ ಮೈಮೇಲೆ ಬಂದಾಗ ಅಣ್ಣಂದಿರ ಏಟು, ಪೊಲೀಸರ ಲಾಠಿ ಎರಡನ್ನೂ ಅವರು ಉಂಡರು.

ಹುಲಿಗೆಮ್ಮನ ಸನ್ನಿಧಿಯಲ್ಲಿ

ಬಿಚ್ಚಬೇಕಾಗಿಲ್ಲದ ಸೀರೆಯನ್ನು ಊರೆದುರಿಗೇ ಉಡಿಸುವ ಒಂದು ಪದ್ಧತಿ ಕರ್ನಾಟಕದಲ್ಲಿ ಉಂಟು. ಸವದತ್ತಿಯ ಎಲ್ಲಮ್ಮ, ಕೊಪ್ಪಳ ಜಿಲ್ಲೆಯ ಹುಲಿಗಿಯ ಹುಲಿಗೆಮ್ಮ ಇವರ ಹೆಸರಿನಲ್ಲಿ ಜೋಗಪ್ಪಗಳಿಗೆ ಮುತ್ತು ಕಟ್ಟುತ್ತಾರೆ. ಹುಡುಗನೊಬ್ಬನ ನಡೆನುಡಿಯಲ್ಲಿ ಹೆಣ್ಣುತನ ಕಂಡರೆ, ಅಮ್ಮ ಮೈಮೇಲೆ ಬಂದಿದ್ದಾಳೆ, ಅವಳೇ ಕರೆಯುತ್ತಿದ್ದಾಳೆ ಎಂದು ಹಿರಿಯರು ಅರ್ಥ ಮಾಡುತ್ತಾರೆ. ಸೀರೆ, ಕುಪ್ಪಸ, ಬಳೆ ಕೊಟ್ಟು ಕೊರಳಿಗೆ ಮುತ್ತು ಕಟ್ಟಿದ ಮೇಲೆ ಅವನು ಅವಳಾಗುತ್ತಾಳೆ, ದೇವಿಯ ಸೊತ್ತಾಗುತ್ತಾಳೆ. ತಲೆಯ ಮೇಲೆ ಕೊಡ, ಕೈಯಲ್ಲಿ ಚೌಡಿಕೆ. ಮನೆ ಮನೆ ಮುಂದೆ ಹಾಡಿ ಜೋಗ ಬೇಡುವ ಹಕ್ಕು ಹುಟ್ಟುತ್ತದೆ. ಬೈಯಲು ಹೋದವರೂ ದೇವಿಯ ಹೆದರಿಕೆಗೆ ಬಾಯಿ ಮುಚ್ಚುತ್ತಾರೆ. ಬರ್ಲಿನ್ನಿನ ಪೊಲೀಸರು ಕಾಗದದಲ್ಲಿ ಕೊಟ್ಟದ್ದನ್ನು ಇಲ್ಲಿ ಅಮ್ಮ ಕೊರಳಿಗೇ ಕಟ್ಟಿಬಿಟ್ಟಳು ಎನ್ನಬಹುದು.

ಹಾಗೆಂದು ಇದನ್ನು ಬಣ್ಣಿಸಿ ಹಿಗ್ಗಬೇಕಾಗಿಲ್ಲ. ದೇವಿಯ ಭಯ ಮರ್ಯಾದೆಯನ್ನು ಕೊಡುತ್ತದೆ, ಮನೆಯನ್ನು ಕಿತ್ತುಕೊಳ್ಳುತ್ತದೆ. ಬಳ್ಳಾರಿ ಸೀಮೆಯ ಮಂಜುನಾಥ ಶೆಟ್ಟಿ ಎಂಬ ಹುಡುಗನನ್ನು ಹದಿನೈದರ ಹರೆಯದಲ್ಲಿ ಮನೆಯವರು ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಹುಡುಗ ಲಂಗ, ಕುಪ್ಪಸ, ಬಳೆ ತೊಟ್ಟು ಮಂಜಮ್ಮನಾದ. ಹೆತ್ತತಾಯಿ ಮಗ ಸತ್ತಂತೆ ಗೋಳಿಟ್ಟಳು. ಮನೆಯಲ್ಲಿ ನೆಲೆ ತಪ್ಪಿತು. ವಿಷ ಕುಡಿದು ಬದುಕಿ ಉಳಿದ ಮಂಜಮ್ಮ ಸೀರೆಯುಟ್ಟು ಬೀದಿಗಿಳಿದು ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ದಾವಣಗೆರೆಯ ಬಸ್‌ನಿಲ್ದಾಣದಲ್ಲಿ ತಂದೆ ಮಗ ಇಬ್ಬರು ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡು ಜೋಗತಿ ನೃತ್ಯ ಕಲಿತರು. ಕಾಳವ್ವ ಜೋಗತಿಯ ಮೇಳ ಸೇರಿ ಊರೂರು ತಿರುಗಿದರು. ಅವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕವಾಗಿ ನಿರೂಪಿಸಿದ್ದಾರೆ. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು.

ಇತ್ತ ಕಾನೂನಿನ ಕತೆ ಮುಗಿದಿರಲಿಲ್ಲ. 1871ರ ಕಾಯ್ದೆಯ ನಪುಂಸಕರ ಭಾಗ 1911ರಲ್ಲಿ ಬಿದ್ದುಹೋಯಿತಾದರೂ ಅದರ ಬೀಜ ಬೇರೆ ಕಡೆ ಮೊಳೆಯಿತು. 1919ರಲ್ಲಿ ಹೈದರಾ‌ಬಾದಿನ ನಿಜಾಮರ ಸರ್ಕಾರ ಅದೇ ಬಗೆಯ ಕಾಯ್ದೆ ಮಾಡಿತು. ಹೆಣ್ಣುಡುಗೆ ಅಥವಾ ಒಡವೆಯಲ್ಲಿ ಬೀದಿಯಲ್ಲಿ ಕಂಡ ನಪುಂಸಕರನ್ನು ವಾರಂಟಿಲ್ಲದೆ ಹಿಡಿಯಬಹುದಿತ್ತು. ಬೀದರ್, ಕಲಬುರಗಿ, ರಾಯಚೂರುಗಳೂ ಆಗ ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಹುಲಿಗಿ ಇರುವ ಕೊಪ್ಪಳ ಸೀಮೆಯೂ ಆ ರಾಜ್ಯಕ್ಕೇ ಸೇರಿತ್ತು.

ಇನ್ನೂ ಅಚ್ಚರಿಯದು 2011ರ ಸಂಗತಿ. ಕರ್ನಾಟಕ ಪೊಲೀಸ್ ಕಾಯ್ದೆಗೆ ಆ ವರ್ಷ 36ಎ ಎಂಬ ಹೊಸ ಕಲಮು ಸೇರಿತು. ಹುಡುಗರನ್ನು ಅಪಹರಿಸುವ, ಬೀಜ ಒಡೆಯುವ, ಅನೈಸರ್ಗಿಕ ಅಪರಾಧ ಎಸಗುವ ಗುಮಾನಿಯಿರುವ ನಪುಂಸಕರ ಹೆಸರು, ವಿಳಾಸಗಳ ಪಟ್ಟಿ ಇಡಲು ಪೊಲೀಸ್ ಕಮಿಷನರಿಗೆ ಅಧಿಕಾರ ಕೊಟ್ಟ ಕಲಮು ಅದು. ಉಡುಪಿನ ಮಾತು ಅದರಲ್ಲಿ ಇರಲಿಲ್ಲ. ಉಳಿದಂತೆ 140 ವರ್ಷ ಹಿಂದಿನ ವಾಕ್ಯಗಳೇ ಹೆಚ್ಚುಕಡಿಮೆ ಹಾಗೇ ಎದ್ದುಬಂದಿದ್ದವು. ಸ್ವತಂತ್ರ ದೇಶದ ಶಾಸನಸಭೆಯೊಂದು ವಿಕ್ಟೋರಿಯಾ ಕಾಲದ ಗುಮಾನಿಯನ್ನು ನಕಲು ಮಾಡಿದ್ದು ನಾಚಿಕೆಯ ವಿಷಯವೇ ಸರಿ. ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. ಆ ಮೇಲೆ ಸರ್ಕಾರ ‘ನಪುಂಸಕರು’ ಎಂಬುದನ್ನು ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಿತು.

ಅಷ್ಟರಲ್ಲಿ, 2014ರ ಏಪ್ರಿಲ್ 15ರಂದು, ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಸುಪ್ರೀಂ ಕೋರ್ಟ್ ಪೀಠ ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆಯೆಂದು ತೀರ್ಪಿತ್ತಿತು. ಉಡುಪಿನ ಮೂಲಕ, ಮಾತು ನಡೆಗಳ ಮೂಲಕ ಅದನ್ನು ತೋರ್ಪಡಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದಿತು. ಆ ತೀರ್ಪಿನಲ್ಲಿ 1871ರ ಕಾಯ್ದೆಯ ಪ್ರಸ್ತಾಪವಿದೆ. 130 ವರ್ಷದ ಹಿಂದಿನ ಖೈರಾತಿಯ ಹೆಸರೂ ಇದೆ.

2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದ ದರ್ಬಾರ್ ಹಾಲಿನಲ್ಲಿ ಪದ್ಮಶ್ರೀ ಸ್ವೀಕರಿಸಲು ಮಂಜಮ್ಮ ಜೋಗತಿ ಸೀರೆಯುಟ್ಟು ಬಂದರು. ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ಒಂದು ಗಳಿಗೆ ನಿಂತು, ಸೆರಗಿನಿಂದ ಅವರ ದೃಷ್ಟಿ ತೆಗೆದರು. ಸಭೆಯಲ್ಲಿ ಚಪ್ಪಾಳೆಯಾಯಿತು. ಹೆಣ್ಣುಡುಗೆಯಲ್ಲಿ ಬೀದಿಗೆ ಬಂದವರನ್ನು ವಾರಂಟಿಲ್ಲದೆ ಹಿಡಿಯಬಹುದೆಂಬ ನಿಜಾಮರ ಕಾಲದ ಕಾಯ್ದೆ ಅಂದೂ ತೆಲಂಗಾಣದ ಕಾನೂನು ಪುಸ್ತಕದಲ್ಲಿ ಇತ್ತು. ಅಲ್ಲಿನ ಹೈಕೋರ್ಟ್ ಅದನ್ನು ಹೊಡೆದುಹಾಕಿದ್ದು 2023ರ ಜುಲೈ ತಿಂಗಳಲ್ಲಿ.